ಮೂರನೆಯ ಸಾಲಿನ ಹೆಸರು

ಇಂಥ ಅನುಭವಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಡ್ಡೆ. ಠಾಕುರ್ಲಿಯಿಂದ ಠಾಣೆಗೆ ಮುಂಬಯಿಯ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ದಿನಾ ಓಡಾಡುತ್ತಿದ್ದ ಕಾಲದಲ್ಲಿ, ಮೆಂತ್ಯದ ಸೊಪ್ಪು ಬಿಡಿಸುತ್ತ, ಬಟಾಣಿ ಸುಲಿಯುತ್ತ ಹೆಂಗಸರು ಹೇಳುತ್ತಿದ್ದ ದೆವ್ವದ ಕಥೆಗಳಿಗೆ ಕೊನೆಯೇ ಇರಲಿಲ್ಲ. ನಾನು ಮಧ್ಯೆ ಬಾಯಿ ಹಾಕಿ, "ನೋಡಿದ್ದು ಯಾರು? ನೀವೇ ನೋಡಿದಿರಾ?" ಎಂದು ಕೇಳುತ್ತಿದ್ದೆ. ಕೆದಕುತ್ತ ಹೋದರೆ ನೋಡಿದವರು ನಾದಿನಿಯ ಪಕ್ಕದ ಮನೆಯವರಾಗಿರುತ್ತಿದ್ದರು. ಆಮೇಲೆ ನನ್ನ ಪಕ್ಕ ಕೂತವರು ಕಥೆ ಹೇಳುವುದನ್ನೇ ಬಿಟ್ಟರು.

ಮನೆಯಲ್ಲೂ ಅದೇ. ನಾನು ಮೈಸೂರಿನವಳು, ಅತ್ತೆ ಕುಂದಾಪುರದ ಕಡೆಯವರು. ಅವರ ಬಳಿ ಊರಿನ ದೈವಗಳ ಸಂಗತಿ ರಾಶಿ ಬಿದ್ದಿತ್ತು. ಒಂದೊಂದಕ್ಕೂ ನಾನು ಕಾರಣ ಹುಡುಕಿ ಕೊಡುತ್ತಿದ್ದೆ. ಬೇಸತ್ತು ಒಂದು ದಿನ, "ದೇವ್ರೇ ಬಂದ್ ಎದ್ರ್ ನಿಂತ್ರೂ ನೀ ರೇಷನ್ ಕಾರ್ಡ್ ಕೇಂತೆ ಮಾರಾಯ್ತಿ" ಎಂದಿದ್ದರು. ಅವರು ಹೇಳಿದ್ದು ಸರಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಯನ್ನು ನಾನು ಗಾದೆಯೆಂದು ತಿಳಿದಿರಲಿಲ್ಲ, ನನ್ನ ಉದ್ಯೋಗವೆಂದೇ ತಿಳಿದಿದ್ದೆ.

ಹಾಗಾಗಿ ಈಗ ನಾನೇ ಇದನ್ನು ಬರೆಯಲು ಕೂತಿರುವುದು ನನಗೇ ನಗೆ ತರುತ್ತದೆ. ಇದು ನಡೆದದ್ದು ರಾತ್ರಿಯಲ್ಲೂ ಅಲ್ಲ, ಸ್ಮಶಾನದಲ್ಲೂ ಅಲ್ಲ. ಡೊಂಬಿವಲಿಯ ಕೈಗಾರಿಕಾ ಪ್ರದೇಶದಲ್ಲಿ, ಸುಡು ಬಿಸಿಲಿನ ಮಧ್ಯಾಹ್ನ, ಇಬ್ಬರು ನೋಡುತ್ತಿರುವಾಗಲೇ ನಡೆಯಿತು. ನೋಡಿದವರಲ್ಲಿ ಒಬ್ಬಳು ನಾನು.

ಆಗ ನಾನು ನವಿ ಮುಂಬಯಿಯ ಮಹಾಪೆಯಲ್ಲಿ ಒಂದು ಸಣ್ಣ ಕಂಪನಿಯಲ್ಲಿದ್ದೆ. ಅಂಗೈ ಕಂಪ್ಯೂಟರುಗಳಿಗೆ ಸಾಫ್ಟ್‌ವೇರ್ ಬರೆಯುವುದು ನಮ್ಮ ಕೆಲಸ. ಇಂದಿನ ಸ್ಮಾರ್ಟ್‌ಫೋನುಗಳ ಬಡ ಅಜ್ಜಂದಿರು ಅವು. ಇಟ್ಟಿಗೆಯಷ್ಟು ದಪ್ಪ, ಬೂದು ಸ್ಕ್ರೀನು, ಒತ್ತಲು ಒಂದು ಪ್ಲಾಸ್ಟಿಕ್ ಕಡ್ಡಿ, ತಲೆಯ ಕಡೆ ಬಾರ್‌ಕೋಡ್ ಓದುವ ಕೆಂಪು ದೀಪ. ಡೊಂಬಿವಲಿಯ ಒಂದು ರಾಸಾಯನಿಕ ಕಾರ್ಖಾನೆ ನಮಗೆ ಒಂದು ಕೆಲಸ ಕೊಟ್ಟಿತ್ತು. ಅವರ ದೊಡ್ಡ ಟ್ಯಾಂಕುಗಳನ್ನು ಆಗಾಗ ಜನ ಒಳಗಿಳಿದು ತೊಳೆಯಬೇಕು. ತೊಳೆದ ಮೇಲೆ ಮುಚ್ಚಳ ಬಿಗಿದು ಒಳಗೆ ನೈಟ್ರೋಜನ್ ತುಂಬುತ್ತಾರೆ. ನೈಟ್ರೋಜನ್ನಿಗೆ ವಾಸನೆಯಿಲ್ಲ, ಕೆಮ್ಮು ಬರಿಸುವುದಿಲ್ಲ, ಕಣ್ಣು ಉರಿಸುವುದಿಲ್ಲ. ಒಳಗೆ ಯಾರಾದರೂ ಉಳಿದಿದ್ದರೆ ಕೂಗುವ ಮುಂಚೆಯೇ ಪ್ರಾಣ ಹೋಗಿರುತ್ತದೆ. ಆದ್ದರಿಂದ ಯಾರು ಒಳಗೆ ಹೋದರು, ಯಾರು ಹೊರಗೆ ಬಂದರು ಎಂದು ತಿಳಿಯುವುದೇ ಅಲ್ಲಿ ಮುಖ್ಯ.

ಹಿಂದೆ ಅವರು ಪಿತ್ತಳೆ ಬಿಲ್ಲೆ ಇಟ್ಟಿದ್ದರು. ಒಳಗೆ ಹೋಗುವವನು ತನ್ನ ಬಿಲ್ಲೆಯನ್ನು ಟ್ಯಾಂಕಿನ ಬಾಯಿಯ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದ, ಬಂದವನು ತೆಗೆದುಕೊಳ್ಳುತ್ತಿದ್ದ. ನಮ್ಮ ಯಂತ್ರ ಅದೇ ಕೆಲಸವನ್ನು ಮಾಡಬೇಕಿತ್ತು. ಕೊರಳ ಕಾರ್ಡನ್ನು ಯಂತ್ರಕ್ಕೆ ತೋರಿಸಿದರೆ ಹೆಸರು ಸ್ಕ್ರೀನಿನ ಮೇಲೆ ಬರಬೇಕು, ಹೊರಗೆ ಬಂದು ಮತ್ತೆ ತೋರಿಸಿದರೆ ಹೋಗಬೇಕು. ಸ್ಕ್ರೀನು ಖಾಲಿಯಾದರೆ ಟ್ಯಾಂಕು ಖಾಲಿ ಎಂದು ಅರ್ಥ.

ಇಷ್ಟು ಸುಲಭದ್ದರಲ್ಲಿ ನಮಗೊಂದು ಪೀಡೆ ಗಂಟುಬಿತ್ತು. ಮನುಷ್ಯ ಹೊರಗೆ ಬಂದಿರುತ್ತಿದ್ದ, ಯಂತ್ರದ ಲೆಕ್ಕದಲ್ಲೂ ಅವನು ಹೊರಗೇ ಇರುತ್ತಿದ್ದ, ಆದರೆ ಸ್ಕ್ರೀನಿನ ಮೇಲೆ ಕೊನೆಯ ಸಾಲಿನ ಹೆಸರು ಮಾತ್ರ ಅಳಿಯದೆ ಉಳಿಯುತ್ತಿತ್ತು. ಕಡ್ಡಿಯಿಂದ ಎಲ್ಲಾದರೂ ಒಮ್ಮೆ ಒತ್ತಿದರೆ ಸ್ಕ್ರೀನು ಮತ್ತೆ ಹೊಸದಾಗಿ ಮೂಡಿ ಹೆಸರು ಮಾಯವಾಗುತ್ತಿತ್ತು. ಈ ಕಸುಬಿನವರಿಗೆಲ್ಲ ಇದು ನಿತ್ಯದ ಗೋಳು. ಕಾರಣ ಹುಡುಕುವ ತನಕ ಕಾರ್ಖಾನೆಯವರಿಗೆ ನಾನೇ ಒಂದು ಉಪಾಯ ಹೇಳಿಕೊಟ್ಟಿದ್ದೆ: "ಹೆಸರು ಉಳಿದರೆ ಗಾಬರಿ ಬೇಡ, ಒಂದು ಸಲ ಒತ್ತಿ, ಹೋಗುತ್ತದೆ." ಅದು ಅವರಿಗೆ ಎಷ್ಟು ರೂಢಿಯಾಯಿತೆಂದರೆ ನೋಡುವ ಮುಂಚೆಯೇ ಒತ್ತುತ್ತಿದ್ದರು.

ಕಾರಣ ಸಿಕ್ಕಿತು. ನಮ್ಮ ಪ್ರೋಗ್ರಾಮು ಇರುವ ಹೆಸರುಗಳನ್ನು ಮಾತ್ರ ಬರೆಯುತ್ತಿತ್ತು, ಇಲ್ಲದವರ ಜಾಗವನ್ನು ಒರೆಸುತ್ತಿರಲಿಲ್ಲ. ಐದು ಹೆಸರಿದ್ದದ್ದು ನಾಲ್ಕಾದರೆ ಮೇಲಿನ ನಾಲ್ಕು ಸಾಲು ಹೊಸದಾಗಿ ಬರುತ್ತಿದ್ದವು, ಐದನೆಯದು ಹಳೆಯದೇ ಉಳಿಯುತ್ತಿತ್ತು. ಇಡೀ ಹಲಗೆ ಒರೆಸಿ ಆಮೇಲೆ ಬರೆ ಎಂದು ತಿದ್ದಿದೆ. ಆಫೀಸಿನಲ್ಲಿ ಎಲ್ಲರ ಐಡಿ ಕಾರ್ಡುಗಳನ್ನು ಕಸಿದುಕೊಂಡು ದಿನಗಟ್ಟಲೆ ಪರೀಕ್ಷಿಸಿದೆ. ಒಮ್ಮೆಯೂ ಹೆಸರು ಉಳಿಯಲಿಲ್ಲ. ನನ್ನ ಮಟ್ಟಿಗೆ ಆ ಬಗ್ಗು, ಎಂದರೆ ಪ್ರೋಗ್ರಾಮಿನ ಆ ದೋಷ, ಸತ್ತು ಸುಟ್ಟು ಬೂದಿಯಾಗಿತ್ತು.

ಹೊಸ ಆವೃತ್ತಿಯ ಪರೀಕ್ಷೆಗೆ ಒಂದು ಶುಕ್ರವಾರ ಗೊತ್ತಾಯಿತು. ಡೊಂಬಿವಲಿಯ ಕಾರ್ಖಾನೆಗಳಿಗೆ ಶುಕ್ರವಾರ ರಜೆ, ಟ್ಯಾಂಕು ತೊಳೆಯುವ ಕೆಲಸವೆಲ್ಲ ಆವತ್ತೇ. ಅಲ್ಲಿಯ ಸೇಫ್ಟಿ ಆಫೀಸರ್ ಜೋಶಿಯವರು ನಿವೃತ್ತಿಗೆ ಹತ್ತಿರವಿದ್ದವರು, ನಿಯಮವೆಂದರೆ ನಿಯಮ ಎನ್ನುವ ಮನುಷ್ಯ. ಆ ದಿನ ಮೊದಲ ಬಾರಿಗೆ ಬಿಲ್ಲೆಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಸಿದ್ದರು. "ಆಜ್ ಸಿರ್ಫ್ ಆಪಕಾ ಮಶೀನ್" ಎಂದರು, ಇವತ್ತು ನಿಮ್ಮ ಯಂತ್ರ ಮಾತ್ರ ಎಂದು. ಹೇಳಿದ ರೀತಿ ನನಗೆ ಸೇರಲಿಲ್ಲ. ನಿಮ್ಮ ಪಿತ್ತಳೆಗಿಂತ ನನ್ನ ಯಂತ್ರ ಯಾವುದರಲ್ಲೂ ಕಡಿಮೆಯಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ತೊಳೆಯುವ ತಂಡ ಕಲಬುರಗಿ ಕಡೆಯವರದು, ಐದು ಜನ. ಅವರ ಮೇಸ್ತ್ರಿ, ಮುಕಾದಮ, ಸಿದ್ದಪ್ಪ. ನಾನು ಕನ್ನಡ ಮಾತಾಡಿದ್ದು ಕೇಳಿ ಅವರಿಗೆ ಖುಷಿಯಾಗಿತ್ತು. ಅವರಲ್ಲಿ ಬಸಲಿಂಗ ಎಂಬವನಿಗೆ ಯಂತ್ರದ ಮೇಲೆ ಬಹಳ ಕುತೂಹಲ. ಸುಮಾರು ಮೂವತ್ತರ ವಯಸ್ಸು, ಸಣಕಲು ದೇಹ, ಮಾತಿಗೆ ಮುಂಚೆ ನಗು. ತನ್ನ ಹೆಸರು ಎಲ್ಲಿ ಬರುತ್ತದೆಂದು ಕೇಳಿ, ಮೂರನೆಯ ಸಾಲಿನಲ್ಲಿ ತೋರಿಸಿದಾಗ, "ನಡುವ ಅದೀನಿ ಅನ್ರಿ, ಛಲೋ ಆತು. ಹಿಂದ ಮುಂದ ಜನ ಇರ್ತಾರ" ಎಂದು ನಕ್ಕು ಒಳಗಿಳಿದ.

ಕೆಲಸ ಮುಗಿದು ಒಬ್ಬೊಬ್ಬರಾಗಿ ಹತ್ತಿ ಬಂದರು. ನಾನು ಟ್ಯಾಂಕಿನ ಮೇಲಿನ ಕಬ್ಬಿಣದ ಅಟ್ಟದ ಮೇಲೆ ಯಂತ್ರ ಹಿಡಿದು ನಿಂತಿದ್ದೆ. ಪ್ರತಿಯೊಬ್ಬನ ಕಾರ್ಡಿಗೂ ಯಂತ್ರ ಪೀಪ್ ಎಂದಿತು, ಪ್ರತಿಯೊಂದು ಹೆಸರೂ ಆಗಿಂದಾಗಲೇ ಹೋಯಿತು. ಬಸಲಿಂಗನೂ ನನ್ನ ಕಣ್ಣೆದುರೇ ಬಂದ, ಅವನ ಹೆಸರೂ ಹೋಯಿತು. ಕೊನೆಯವನು ಬಂದಾಗ ಸ್ಕ್ರೀನು ಪೂರ್ತಿ ಖಾಲಿ. ಒತ್ತಬೇಕಾಗಿ ಬರಲಿಲ್ಲ. ಜೋಶಿಯವರಿಗೆ ತೋರಿಸಿದೆ, ತಲೆಯಾಡಿಸಿದರು. ಟಾರ್ಚು ಹಾಕಿ ಒಳಗೆ ಬಗ್ಗಿ ನೋಡಿ, "ಕೋಯಿ ಹೈ?" ಎಂದು ಕೂಗಿದರು. ಅವರ ದನಿಯೇ ತಿರುಗಿ ಬಂತು.

ಹುಡುಗರು ಚಹಾ ಕುಡಿಯಲು ಬಾಯ್ಲರಿನ ಗೋಡೆಯ ನೆರಳಿಗೆ ಹೋದರು. ಟ್ಯಾಂಕಿನ ಬಾಯಿ ಕಾಯುತ್ತಿದ್ದ ಕಾವಲಿನವನೂ ಹೋದ. ಯಂತ್ರ ಖಾಲಿ ಎಂದ ಮೇಲೆ ಅವನ ಕೆಲಸ ಮುಗಿದಂತೆ. ಯಂತ್ರವನ್ನು ಅಟ್ಟದ ಕಂಬಿಯ ಕೊಕ್ಕೆಗೆ ತೂಗುಹಾಕಿ ನಾನು, ಜೋಶಿಯವರು ಸಹಿಯ ಕೆಲಸಕ್ಕೆಂದು ಎದುರಿನ ಶೆಡ್ಡಿಗೆ ಹೋದೆವು. ಕೊಂಚ ಹೊತ್ತಿನ ನಂತರ ಮುಚ್ಚಳ ಹಾಕಿಸಲು ಮತ್ತೆ ಅಟ್ಟ ಹತ್ತಿದೆವು. ಮುಚ್ಚುವ ಮುಂಚೆ ಖಾಲಿ ಸ್ಕ್ರೀನನ್ನು ಇನ್ನೊಮ್ಮೆ ನೋಡಿ ಯಂತ್ರದಲ್ಲೇ 'ಮುಚ್ಚಲಾಗಿದೆ' ಎಂದು ಒತ್ತಬೇಕು. ಇದು ಜೋಶಿಯವರೇ ಬರೆದ ನಿಯಮ. ನಾನು ಯಂತ್ರವನ್ನು ಕೊಕ್ಕೆಯಿಂದ ತೆಗೆದೆ.

ಮೂರನೆಯ ಸಾಲಿನಲ್ಲಿ ಬಸಲಿಂಗನ ಹೆಸರಿತ್ತು.

ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಸತ್ತ ಬಗ್ಗು ಎದ್ದು ಬಂದು, ಅದೂ ಜೋಶಿಯವರ ಮುಂದೆ, ನನ್ನನ್ನು ಅಣಕಿಸಿದ ಹಾಗಾಯಿತು. ಕಡ್ಡಿಯಿಂದ ಒತ್ತಿದೆ. ಹೆಸರು ಹೋಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಹೋಗಲಿಲ್ಲ. ಬಟನ್ ಒತ್ತಿ ಸ್ಕ್ರೀನು ಆರಿಸಿ ಮತ್ತೆ ಹೊತ್ತಿಸಿದೆ. ಅದೇ ಜಾಗದಲ್ಲಿ, ಅಷ್ಟೇ ಕಪ್ಪಗೆ, ಹೆಸರು ಇದ್ದೇ ಇತ್ತು.

ಓದುವವರಿಗೆ ಇಲ್ಲಿ ಒಂದು ಮಾತು ತಿಳಿಸಬೇಕು, ಇಲ್ಲದಿದ್ದರೆ ನಾನು ಯಾಕೆ ಅಷ್ಟು ತಲೆ ಕೆಡಿಸಿಕೊಂಡೆ ಎಂಬುದು ಅರ್ಥವಾಗದು. ಒಳಗೆ ಒಬ್ಬನೇ ಇದ್ದಾನೆಂದು ಯಂತ್ರ ತಿಳಿದಿದ್ದರೆ ಅವನ ಹೆಸರು ಮೊದಲನೆಯ ಸಾಲಿನಲ್ಲಿ ಬರಬೇಕು, ಮೂರನೆಯದರಲ್ಲಿ ಅಲ್ಲ. ಹಾಗಾದರೆ ಅದು ಹಳೆಯದೇ ಉಳಿದದ್ದು ಎನ್ನೋಣ. ಆದರೆ ಉಳಿಯುತ್ತಿದ್ದದ್ದು ಯಾವಾಗಲೂ ಕೊನೆಯ ಸಾಲು, ನಡುವಿನದಲ್ಲ. ಅದಕ್ಕಿಂತ ಹೆಚ್ಚಾಗಿ, ಸ್ವಲ್ಪ ಮುಂಚೆ ಆ ಸ್ಕ್ರೀನು ಖಾಲಿಯಾಗಿದ್ದನ್ನು ಇಬ್ಬರೂ ನೋಡಿದ್ದೆವು. ಒರೆಸದ ಹಲಗೆಯ ಮೇಲೆ ಅಕ್ಷರ ಉಳಿಯಬಹುದು. ಒರೆಸಿದ ಹಲಗೆಯ ಮೇಲೆ ತಾನಾಗಿ ಮೂಡುವುದನ್ನು ನಾನು ಕಂಡಿರಲಿಲ್ಲ.

"ಮೇಡಂ, ಆಪಕಾ ಬಗ್ ವಾಪಸ್ ಆ ಗಯಾ" ಎಂದರು ಜೋಶಿಯವರು. ದನಿಯಲ್ಲಿ ಸಂತೋಷವಿತ್ತೋ ಬೇಸರವಿತ್ತೋ ತಿಳಿಯಲಿಲ್ಲ. ಮುಂದುವರಿಸಿ, ಐದೂ ಜನ ಹೊರಗೆ ಬಂದದ್ದು ನೋಡಿದ್ದೇವೆ, ನಾನು ಕೈಯಲ್ಲೇ ಬರೆದು ಮುಚ್ಚಿಸುತ್ತೇನೆ, ಯಂತ್ರವನ್ನು ಆಮೇಲೆ ನೋಡಿಕೊಳ್ಳಿ ಎಂದರು. ನಾನು ಬೇಡವೆಂದೆ. ಒಳಗೆ ಯಾರೋ ಇದ್ದಾರೆಂದು ಬೇಡವೆಂದೆ ಎಂದು ತಿಳಿಯಬೇಡಿ. ಹಾಗೆ ಬರೆದರೆ ನನಗೆ ಹೆಚ್ಚು ಶೋಭೆ, ಆದರೆ ಸುಳ್ಳಾಗುತ್ತದೆ. ಬಗ್ಗು ಕೈಗೆ ಜೀವಂತ ಸಿಕ್ಕಿದೆ, ಏನನ್ನಾದರೂ ಒತ್ತಿದರೆ ಓಡಿಹೋಗುತ್ತದೆ, ಲ್ಯಾಪ್‌ಟಾಪಿಗೆ ಜೋಡಿಸಿ ಅದರ ಹೊಟ್ಟೆ ಬಗೆದು ನೋಡಬೇಕು. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ಮಾತಿಗೆ ಮಾತು ಬೆಳೆಯಿತು. ಮುಚ್ಚಳ ಸರಪಳಿಯಲ್ಲಿ ತೂಗುತ್ತಿದೆ, ನೈಟ್ರೋಜನ್ ವಾಲ್ವಿನ ಹತ್ತಿರ ಜನ ಕಾಯುತ್ತಿದ್ದಾರೆ, ಒಂದು ಸ್ಕ್ರೀನಿಗಾಗಿ ಎಲ್ಲರನ್ನೂ ನಿಲ್ಲಿಸುವುದೇ ಎಂದರು ಅವರು. ಸ್ಕ್ರೀನು ಖಾಲಿಯಾಗದೆ ಮುಚ್ಚಬಾರದೆಂಬ ನಿಯಮ ನಿಮ್ಮದೇ ಅಲ್ಲವೇ ಎಂದೆ ನಾನು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಯಂತ್ರವನ್ನು ಎದೆಗವಚಿಕೊಂಡು ನಿಂತೆ. ಕೊನೆಗೆ ಅವರು, ಹುಡುಗರ ಚಹಾ ಮುಗಿಯುವವರೆಗೆ ಕಾಯುತ್ತೇನೆ, ಆಮೇಲೆ ಒಂದು ಕ್ಷಣವೂ ನಿಲ್ಲುವುದಿಲ್ಲ ಎಂದರು.

ಕಿಡಿ ಹಾರೀತೆಂದು ಟ್ಯಾಂಕಿನ ಬಳಿ ಲ್ಯಾಪ್‌ಟಾಪ್ ತರುವಂತಿರಲಿಲ್ಲ. ಶೆಡ್ಡಿಗೆ ಓಡಿ ಕೇಬಲ್ ಜೋಡಿಸಿದೆ. ಯಂತ್ರದ ಲೆಕ್ಕದಲ್ಲಿ ಒಳಗಿರುವವರು: ಯಾರೂ ಇಲ್ಲ. ಅದು ನಿರೀಕ್ಷಿಸಿದ್ದೇ. ನಮ್ಮ ಬಳಿ ಇನ್ನೊಂದು ಸಾಧನವಿತ್ತು. ಯಂತ್ರದ ಸ್ಕ್ರೀನಿನಲ್ಲಿ ಇರುವುದನ್ನು ಇದ್ದ ಹಾಗೆಯೇ ಲ್ಯಾಪ್‌ಟಾಪಿನಲ್ಲಿ ತೋರಿಸುವಂಥದ್ದು. ಆಫೀಸಿನಲ್ಲಿ ಅದನ್ನು ಕನ್ನಡಿ ಎನ್ನುತ್ತಿದ್ದೆವು. ಕನ್ನಡಿ ತೆರೆದೆ. ಕನ್ನಡಿಯಲ್ಲಿ ಸ್ಕ್ರೀನು ಖಾಲಿ. ಎಡಗೈಯಲ್ಲಿ ಹಿಡಿದಿದ್ದ ಯಂತ್ರದ ಮೇಲೆ ಬಸಲಿಂಗ.

ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದೆ. ಪ್ರೋಗ್ರಾಮು ಆ ಹೆಸರನ್ನು ಬರೆದಿರಲಿಲ್ಲ. ಯಂತ್ರದ ನೆನಪಿನಲ್ಲೂ ಅದು ಇರಲಿಲ್ಲ. ಇದ್ದದ್ದು ಗಾಜಿನ ಮೇಲೆ ಮಾತ್ರ. ಉಗುರಿನಿಂದ ಗಾಜನ್ನು ಕೆರೆದು ನೋಡಿದೆ, ಯಾರಾದರೂ ಮಸಿಯಲ್ಲಿ ಬರೆದಿರಬಹುದೇ ಎಂದು. ಆಗ ಮೊದಲ ಬಾರಿಗೆ ನನ್ನ ಬೆನ್ನು ತಣ್ಣಗಾಯಿತು. ಆ ಬಿಸಿಲಿನಲ್ಲಿ, ತಗಡಿನ ಶೆಡ್ಡಿನಲ್ಲಿ, ನಾನು ಬೆವರುತ್ತಿದ್ದೆ, ಆದರೂ ಬೆನ್ನು ತಣ್ಣಗಾಯಿತು.

ಆಗಲೂ ನನಗೆ ಬಂದ ಯೋಚನೆ ಎಂಜಿನಿಯರಿನದೇ. ಬಸಲಿಂಗನ ಕಾರ್ಡನ್ನು ತಂದು ಇನ್ನೊಮ್ಮೆ ತೋರಿಸಿದರೆ ಏನಾಗುತ್ತದೆ ನೋಡೋಣ ಎಂದುಕೊಂಡೆ. ಹೆಸರು ಮೊದಲ ಸಾಲಿಗೆ ಬರುತ್ತದೋ, ಎರಡು ಕಡೆ ಬರುತ್ತದೋ ನೋಡಿದರೆ ಏನಾದರೂ ಸುಳಿವು ಸಿಗಬಹುದು. ಯಂತ್ರ ಹಿಡಿದು ಬಾಯ್ಲರಿನ ಗೋಡೆಯ ಹತ್ತಿರ ಹೋದೆ. ಹುಡುಗರು ಚಹಾ ಮುಗಿಸಿ ತಂಬಾಕು ತಿಕ್ಕುತ್ತಿದ್ದರು.

"ಬಸಲಿಂಗ ಎಲ್ಲಿ?" ಎಂದು ಕೇಳಿದೆ.

"ಇಲ್ಲೇ ಇದ್ದಾನ್ರಿ ಅಕ್ಕಾರ" ಎಂದು ಸಿದ್ದಪ್ಪ ಅತ್ತಿತ್ತ ನೋಡಿದ. "ಕೈಕಾಲ ತೊಳ್ಯಾಕ ಹೋಗಿರಬೇಕು."

ಗೋಡೆಯ ಕಟ್ಟೆಯ ಮೇಲೆ ಅವನ ಹೆಲ್ಮೆಟ್ ಇತ್ತು, ಅದರೊಳಗೆ ಕಾರ್ಡು ಸುತ್ತಿ ಇಟ್ಟಿದ್ದ. ಕಾರ್ಡು ಎತ್ತಿಕೊಂಡೆ. ಪಕ್ಕದಲ್ಲಿ ಅವನ ಚಹಾದ ಗ್ಲಾಸು. ಗ್ಲಾಸು ತುಂಬಿತ್ತು. ಒಂದು ಗುಟುಕೂ ಕುಡಿದಿರಲಿಲ್ಲ, ಮೇಲೆ ಕೆನೆ ಕಟ್ಟಿತ್ತು.

ಬೆಳಗಿನಿಂದ ಮೈ ಮುರಿದು ದುಡಿದವನು ಬಿಸಿ ಚಹಾ ಬಿಟ್ಟು ಎಲ್ಲಿಗೆ ಹೋದ? ಅದೇ ಹೊತ್ತಿಗೆ ಟ್ಯಾಂಕಿನ ಕಡೆಯಿಂದ ಸರಪಳಿಯ ಕಿರ್ ಕಿರ್ ಸದ್ದು ಕೇಳಿಸಿತು. ಜೋಶಿಯವರ ಗಡುವು ಮುಗಿದಿತ್ತು. ಮುಚ್ಚಳ ತಿರುಗುತ್ತಿತ್ತು.

ಓಡಿದೆ. ಅಟ್ಟದ ಏಣಿ ಹತ್ತುವಾಗ ಚಪ್ಪಲಿ ಎಲ್ಲೋ ಬಿದ್ದುಹೋಯಿತು. ಕಾದ ಕಬ್ಬಿಣದ ಮೆಟ್ಟಿಲು ಸುಟ್ಟದ್ದು ಆಮೇಲೆ ತಿಳಿಯಿತು. ಜೋಶಿಯವರು ನನ್ನನ್ನು ನೋಡಿದೊಡನೆ ಕೈ ಎತ್ತಿ, "ಬಸ್ ಮೇಡಂ, ಅಬ್ ನಹೀಂ" ಎಂದರು. ಇನ್ನೂ ಬಗ್ಗಿನ ಮಾತೇ ಎಂದುಕೊಂಡಿದ್ದರು.

"ಬಸಲಿಂಗ ಕಹಾಂ ಹೈ?" ಎಂದೆ. ಅಷ್ಟೇ ಬಾಯಿಗೆ ಬಂದದ್ದು. ಕಾರ್ಡನ್ನೂ ಯಂತ್ರವನ್ನೂ ಅವರ ಮುಖದ ಮುಂದೆ ಹಿಡಿದೆ.

ಆ ಮನುಷ್ಯನ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆ ಕ್ಷಣದಲ್ಲಿ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸರಪಳಿ ಎಳೆಯುವವನನ್ನು ನಿಲ್ಲಿಸಿ, ಟಾರ್ಚು ಕಸಿದುಕೊಂಡು ಹೊಟ್ಟೆಯ ಮೇಲೆ ಮಲಗಿ ಟ್ಯಾಂಕಿನೊಳಗೆ ತಲೆ ಹಾಕಿದರು. ಏನೂ ಕಾಣಲಿಲ್ಲ. ಟ್ಯಾಂಕಿನ ತಳದಲ್ಲಿ ಕಲಕುವ ದೊಡ್ಡ ಅಲಗುಗಳಿರುತ್ತವೆ. ಬೆಳಕನ್ನು ಇನ್ನಷ್ಟು ಓರೆ ಮಾಡಿದಾಗ ಅಲಗಿನ ಹಿಂದಿನಿಂದ ಚಾಚಿದ್ದ ಒಂದು ಬರಿಗಾಲು ಕಂಡಿತು. ಅವರೇ ಮುಖಕ್ಕೆ ಗಾಳಿಯ ಮುಖವಾಡ ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದರು. ನಾವೆಲ್ಲ ಮೇಲೆ ಹಗ್ಗ ಹಿಡಿದು ನಿಂತೆವು. ಸಿದ್ದಪ್ಪ ಸಣ್ಣ ದನಿಯಲ್ಲಿ ಬಸವಾ ಬಸವಾ ಎನ್ನುತ್ತಿದ್ದ.

ಬಸಲಿಂಗನನ್ನು ಎಳೆದು ಅಟ್ಟದ ಮೇಲೆ ಮಲಗಿಸಿದಾಗ ಅವನ ತುಟಿ ನೀಲಿಯಾಗಿತ್ತು. ಕೆಲಸ ಮುಗಿದು ಗಾಳಿ ಊದುವ ಫ್ಯಾನು ನಿಲ್ಲಿಸಿದ ಮೇಲೆ ಟ್ಯಾಂಕಿನ ತಳದಲ್ಲಿ ಸೇರಿಕೊಂಡಿದ್ದ ಆವಿ ಕುಡಿದು ಪ್ರಜ್ಞೆ ತಪ್ಪಿದ್ದ. ಆಮ್ಲಜನಕ ಹಿಡಿದ ಸ್ವಲ್ಪ ಹೊತ್ತಿಗೆ ಎದೆ ಏರಿಳಿಯತೊಡಗಿತು, ಕೆಮ್ಮಿದ. ಬಲಗೈ ಮುಷ್ಟಿ ಬಿಗಿಯಾಗಿ ಮುಚ್ಚಿತ್ತು. ಬಿಡಿಸಲು ಹೋದರೆ ಬಿಡಲಿಲ್ಲ. ಸಿದ್ದಪ್ಪ ನೋಡಿ, "ಬ್ಯಾಡ್ರಿ, ಬಿಡ್ರಿ. ಲಿಂಗ ಐತಿ" ಎಂದ. ಆಮೇಲೆ ತಿಳಿಯಿತು, ಮೈಮೇಲಿನ ಸುರಕ್ಷತಾ ಪಟ್ಟಿ ಬಿಚ್ಚುವಾಗ ಕೊರಳ ಶಿವದಾರ ಹರಿದು ಲಿಂಗ ಟ್ಯಾಂಕಿನೊಳಗೆ ಬಿದ್ದಿತ್ತಂತೆ. ಅದನ್ನು ತರಲು ಹೋಗಿದ್ದ.

ಆಂಬುಲೆನ್ಸು ಹೋದ ಮೇಲೆ ಯಂತ್ರದ ನೆನಪಾಯಿತು. ಅದು ಅಟ್ಟದ ಮೇಲೆ, ನಾನು ಕೆಳಗಿಟ್ಟ ಜಾಗದಲ್ಲೇ ಬಿದ್ದಿತ್ತು. ಎತ್ತಿ ನೋಡಿದೆ. ಸ್ಕ್ರೀನು ಖಾಲಿ. ಹೆಸರು ಯಾವಾಗ ಹೋಯಿತೋ ನಾನು ನೋಡಲಿಲ್ಲ. ಅದನ್ನು ಯಾರೂ ಮುಟ್ಟಿರಲಿಲ್ಲ, ಎಲ್ಲರ ಕೈಗಳೂ ಹಗ್ಗದ ಮೇಲಿದ್ದವು.

ಜೋಶಿಯವರು ಮುಖ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತರು. "ಆಪನೇ ದಬಾಯಾ ಥಾ ನ?" ಎಂದರು. ಒತ್ತಿದ್ದೆ ಎಂದೆ. "ಗಯಾ ನಹೀಂ." ಹೋಗಲಿಲ್ಲ ಎಂದೆ. ಇದರ ಬಗ್ಗೆ ನಾವಿಬ್ಬರೂ ಆಡಿದ ಮಾತು ಇಷ್ಟೇ. ಮುಂದಿನ ವಾರ ಅವರು ಬಿಲ್ಲೆಗಳನ್ನು ಕಪಾಟಿನಿಂದ ಹೊರಗೆ ತೆಗೆಸಿದರು ಎಂದು ಕೇಳಿದೆ. ಆದರೆ ಆ ದಿನ ಬಿಲ್ಲೆ ಇದ್ದಿದ್ದರೂ ಅದು ಮೊಳೆಯ ಮೇಲೆ ಇರುತ್ತಿರಲಿಲ್ಲ. ಬಸಲಿಂಗ ಯಾರಿಗೂ ಹೇಳದೆ, ಯಾವುದನ್ನೂ ಮುಟ್ಟದೆ ಇಳಿದವನು. ಅವನು ಒಳಗಿರುವುದನ್ನು ತಿಳಿಯಲು ಲೋಕದಲ್ಲಿ ಯಾವುದಕ್ಕೂ ದಾರಿಯಿರಲಿಲ್ಲ.

ಆಫೀಸಿಗೆ ಹೋಗಿ ಅದೇ ಯಂತ್ರ, ಅದೇ ಪ್ರೋಗ್ರಾಮು, ಅವೇ ಐದು ಹೆಸರು ಹಾಕಿ ವಾರಗಟ್ಟಲೆ ಪರೀಕ್ಷಿಸಿದೆ. ಬಿಸಿಲಿನಲ್ಲಿಟ್ಟೆ, ಕಾಯಿಸಿದೆ, ತಣಿಸಿದೆ. ಸಹೋದ್ಯೋಗಿಗಳು ಸಮಾಧಾನ ಹೇಳಿದರು: ಬಿಸಿಲಿಗೆ ಅಂಥ ಗಾಜು ಕಪ್ಪಾಗುತ್ತದೆ, ಬಹಳ ಹೊತ್ತು ಇದ್ದ ಅಕ್ಷರದ ನೆರಳು ಉಳಿಯುತ್ತದೆ. ಎರಡೂ ನಿಜ, ಒಪ್ಪುತ್ತೇನೆ. ಆದರೆ ಕಪ್ಪಾಗುವ ಗಾಜು ಐದು ಹೆಸರಿನಲ್ಲಿ ಒಂದನ್ನೇ ಆರಿಸಿ ಕಪ್ಪಾಗಬೇಕೇ? ಅದೂ ಅವನೊಬ್ಬ ಒಳಗಿರುವಾಗಲೇ? ಕಾಕತಾಳೀಯ ಎಂದರೆ ವಾದಿಸುವುದಿಲ್ಲ, ಏಕೆಂದರೆ ಬೇರೆಯವರ ಕಥೆಗೆ ನಾನೂ ಅದನ್ನೇ ಹೇಳುತ್ತಿದ್ದೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಬಸಲಿಂಗನನ್ನು ನೋಡಲು ಆಸ್ಪತ್ರೆಗೆ ಹೋದೆ. ಮನೆಯಲ್ಲಿ ಎಲ್ಲ ಹೇಳಿದ್ದೆ. ಅತ್ತೆ ಇದನ್ನು ಹಿಡಿದುಕೊಂಡು ನನ್ನನ್ನು ಆಡಿಕೊಳ್ಳುತ್ತಾರೆಂದು ಕಾದಿದ್ದೆ. ಅವರು ಪೂರ್ತಿ ಕೇಳಿ, "ಅವ ಉಂಡನಾ?" ಎಂದಷ್ಟೇ ಕೇಳಿದರು. ಆಮೇಲೆ ಎದ್ದು ಗಂಜಿ ಮಾಡಿ ಡಬ್ಬಿಗೆ ಹಾಕಿಕೊಟ್ಟರು.

ಬಸಲಿಂಗ ಮಂಚದ ಮೇಲೆ ಕೂತಿದ್ದ. ಹೊಸ ಶಿವದಾರ ಕೊರಳಲ್ಲಿತ್ತು. "ಚಾದ ಗ್ಲಾಸ ಎತ್ತಿದ್ನಿರಿ, ಕೊಳ್ಳಾಗ ಕೈ ಆಡಿಸಿದ್ರ ಲಿಂಗ ಇಲ್ಲ" ಎಂದ. "ಅದನ್ನ ಬಿಟ್ಟು ನೀರ ಸೈತ ಬಾಯಾಗ ಹಾಕಂಗಿಲ್ರಿ ನಾವು. ಯಾರನ್ನ ಕೇಳೂದು? ಕೇಳಿದ್ರ ನಾಳಿ ನೋಡೂಣು ಅಂತಿದ್ರು." ಗಂಜಿಯ ಡಬ್ಬಿಯನ್ನು ಹತ್ತಿರ ಎಳೆದುಕೊಂಡು, "ನಿಮಗ ಹೆಂಗ ಗೊತ್ತಾತ್ರಿ ಅಕ್ಕಾರ, ನಾ ಒಳಗ ಅದೀನಿ ಅಂತ?" ಎಂದು ಕೇಳಿದ.

ಯಂತ್ರ ತೋರಿಸಿತು ಎಂದೆ. ಹಾಗೆ ತೋರಿಸಲು ಸಾಧ್ಯವೇ ಇರಲಿಲ್ಲ ಎನ್ನುವುದನ್ನೂ ವಿವರಿಸಹೊರಟೆ. ಕಾರ್ಡು, ಸಾಲು, ಕನ್ನಡಿ. ಅವನು ಡಬ್ಬಿ ತೆರೆಯುತ್ತ, "ತೋರಸ್ತೈತಿ ಬಿಡ್ರಿ" ಎಂದ. ಮಳೆ ಬರುತ್ತದೆ ಬಿಡಿ ಎನ್ನುವಷ್ಟು ಸಹಜವಾಗಿ. ನನಗೆ ಕೋಪವೇ ಬಂತು. ನಾನು ನಿದ್ದೆಗೆಟ್ಟು ಹುಡುಕುತ್ತಿರುವುದನ್ನು ಇವನು ಒಂದು ತುತ್ತಿನ ಜೊತೆ ನುಂಗಿಬಿಟ್ಟನಲ್ಲ ಎಂದು. ಅವನು ಉಣ್ಣುವುದನ್ನು ನೋಡುತ್ತ ಕೂತೆ. ಕೋಪ ಇಳಿದು ಕಣ್ಣಲ್ಲಿ ನೀರು ಬಂತು.

ಆ ಸಾಫ್ಟ್‌ವೇರ್ ಮುಂದೆ ಎಷ್ಟೋ ಕಾರ್ಖಾನೆಗಳಿಗೆ ಹೋಯಿತು. ಯಂತ್ರಗಳು ಬದಲಾದವು, ಬೂದು ಸ್ಕ್ರೀನು ಹೋಗಿ ಬಣ್ಣದ್ದು ಬಂತು, ಕಡ್ಡಿಯ ಬದಲು ಬೆರಳು ಸಾಕಾಯಿತು. ಆದರೆ ನಾನು ಹಟ ಹಿಡಿದು ಸೇರಿಸಿದ ಒಂದು ಭಾಗ ಹಾಗೆಯೇ ಉಳಿದಿದೆ. ಎಲ್ಲರೂ ಹೊರಗೆ ಬಂದು ಸ್ಕ್ರೀನು ಖಾಲಿಯಾದ ಮೇಲೆ, ಮುಚ್ಚಳ ಹಾಕುವ ಮುಂಚೆ, ಹೋದವರ ಹೆಸರುಗಳು ಒಂದೊಂದಾಗಿ ಮತ್ತೆ ಬರುತ್ತವೆ. ಆ ಮನುಷ್ಯನನ್ನು ಎದುರಿಗೆ ಕರೆದು, ಮುಖ ನೋಡಿ ಒತ್ತಿದರೆ ಮಾತ್ರ ಮುಂದಿನ ಹೆಸರು.

ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಬಂದು ಇದನ್ನು ತೆಗೆಯೋಣ ಎನ್ನುತ್ತಾರೆ. ಲೆಕ್ಕದಲ್ಲಿ ಎಲ್ಲರೂ ಹೊರಗಿದ್ದಾರೆಂದು ಆಗಲೇ ಗೊತ್ತಿರುತ್ತದೆ, ಮತ್ತೆ ಕೇಳುವುದೇಕೆ, ಸುಮ್ಮನೆ ಹೊತ್ತು ಹಾಳು ಎಂಬುದು ಅವರ ವಾದ. ವಾದ ಸರಿಯಾಗಿಯೇ ಇದೆ. ಕಸ್ಟಮರ್ ಕೇಳಿದ್ದು, ತೆಗೆಯುವಂತಿಲ್ಲ ಎನ್ನುತ್ತೇನೆ. ಯಾವ ಕಸ್ಟಮರ್ ಎಂದು ಒಮ್ಮೊಮ್ಮೆ ಯಾರಾದರೂ ಕೇಳುತ್ತಾರೆ. ತುಂಬ ಹಳೆಯವರು ಎನ್ನುತ್ತೇನೆ. ಆ ದಿನ ಹೆಸರು ತೋರಿಸಿದವರು ಯಾರೆಂದು ನನಗೂ ಗೊತ್ತಿಲ್ಲ.